ತೋಟದ ಕಿರುಜೀವಿಗಳೂ ಜೇಬಿನ ಕ್ಯಾಮೆರಾವೂ

ನಮ್ಮ ಸದಸ್ಯರಲ್ಲಿ ಈಗ ಕ್ಯಾಮೆರಾ ಇಲ್ಲದವರು ಅಪರೂಪ. ಮೊಬೈಲ್ ಫೋನಿನ ಜೊತೆಯಲ್ಲಿ ಅದೂ ಜೇಬಿಗೆ ಬಂದು ಕುಳಿತಿದೆ. ಮದುವೆ, ಗೃಹಪ್ರವೇಶ, ಮೊಮ್ಮಕ್ಕಳ ಆಟ ಎಲ್ಲವನ್ನೂ ಚಿತ್ರ ತೆಗೆಯುತ್ತೇವೆ. ವರ್ಷವೆಲ್ಲ ಓಡಾಡುವ ತೋಟದಲ್ಲಿ ಮಾತ್ರ ಅದು ಜೇಬಿನಿಂದ ಹೊರಬರುವುದು ಕಡಿಮೆ. ಈ ವಿಷಯವಾಗಿ ನಾಲ್ಕು ಮಾತು ಬರೆಯಲು ನನಗೇ ಆದ ಒಂದು ನಷ್ಟ ಕಾರಣ.

ಕೆಲವು ವರ್ಷಗಳ ಹಿಂದೆ, ನವೆಂಬರ್ ತಿಂಗಳ ಒಂದು ಬಿಸಿಲು ಹೊತ್ತಿನಲ್ಲಿ, ಅರೇಬಿಕಾ ಗಿಡದ ಬೊಡ್ಡೆಯ ಮೇಲೆ ಅಂದವಾದ ದುಂಬಿಯೊಂದು ಓಡಾಡುತ್ತಿತ್ತು. ಅರ್ಧ ಅಂಗುಲದಷ್ಟು ಉದ್ದ, ಕಪ್ಪು ಮೈ, ಅದರ ಮೇಲೆ ಬಿಳಿಯ ಪಟ್ಟೆಗಳು. ಚಿತ್ರ ತೆಗೆದು, ಮನೆಯವರಿಗೆ ತೋರಿಸಿ, ಮರೆತುಬಿಟ್ಟೆ. ಅದು ಬಿಳಿ ಕಾಂಡಕೊರಕ, ಅಂದರೆ ನಾವೆಲ್ಲ ಬೋರರ್ ಎಂದು ಕರೆಯುವ ಶತ್ರು. ಬೊಡ್ಡೆ ಸೀಳಿದಾಗ ಸಿಗುವ ಅದರ ಹುಳುವನ್ನು ನೂರಾರು ಸಲ ಕಂಡಿದ್ದವನು, ರೆಕ್ಕೆ ಬಂದ ರೂಪವನ್ನು ಗುರುತಿಸದೆ ಹೋದೆ. ಮರುವರ್ಷ ಎಲೆ ಹಳದಿಯಾಗಿ, ಬೊಡ್ಡೆಯ ತೊಗಟೆಯ ಮೇಲೆ ಏಣುಗಳು ಎದ್ದಾಗ ಹಳೆಯ ಚಿತ್ರ ನೆನಪಾಯಿತು. ತೆಗೆದು ನೋಡಿದರೆ ಫೋನು ತಾನಾಗಿಯೇ ತಾರೀಖನ್ನು ದಾಖಲಿಸಿತ್ತು. ಯಾವ ಬ್ಲಾಕು, ಯಾವ ಸಾಲು ಎಂಬುದನ್ನು ನಾನು ಬರೆದಿರಲಿಲ್ಲ. ಅಷ್ಟರಲ್ಲಿ ಹಲವಾರು ಗಿಡಗಳನ್ನು ಕಿತ್ತು ಸುಡಬೇಕಾಗಿ ಬಂತು.

ಈ ದುಂಬಿಗಳು ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಮ್ಮೆ ಹೊರಬಂದು ಹಾರಾಡುತ್ತವೆ. ಬಿಸಿಲು ಬೀಳುವ ಬೊಡ್ಡೆಯೇ ಅವಕ್ಕೆ ಪ್ರಿಯ. ತೊಗಟೆಯ ಬಿರುಕುಗಳಲ್ಲಿ ಹೆಣ್ಣು ಮೊಟ್ಟೆಯಿಡುತ್ತದೆ. ನಾನು ಕಂಡದ್ದು ಸರಿಯಾಗಿ ಆ ಕಾಲದಲ್ಲೇ, ಮರಗಸಿ ಹೆಚ್ಚಾಗಿ ನೆರಳು ತೆಳುವಾಗಿದ್ದ ಜಾಗದಲ್ಲೇ. ಕಂಡಿದ್ದೆ, ಆದರೆ ನೋಡಿರಲಿಲ್ಲ. ಅಂದಿನಿಂದ ಚಿಕ್ಕದೇನು ಕಣ್ಣಿಗೆ ಬಿದ್ದರೂ ಅರೆಗಳಿಗೆ ನಿಲ್ಲುವುದನ್ನು ರೂಢಿಮಾಡಿಕೊಂಡಿದ್ದೇನೆ. ಹಾಗೆ ನಿಂತದ್ದರಿಂದ ಶತ್ರುಗಳಿಗಿಂತ ಹೆಚ್ಚಾಗಿ ವಿಸ್ಮಯಗಳೇ ಸಿಕ್ಕಿವೆ.

ಒಂದು ಉದಾಹರಣೆ. ಚಗಳಿಯೆಂದೂ ಕೆಂಜಿಗವೆಂದೂ ಕರೆಯುವ ಕೆಂಪಿರುವೆ ಎಲೆಗಳನ್ನು ಸೇರಿಸಿ ಗೂಡು ಕಟ್ಟುವುದನ್ನು ಎಲ್ಲರೂ ಬಲ್ಲೆವು. ಹಣ್ಣು ಕೊಯ್ಯುವವರು ಅದರಿಂದ ಪಡುವ ಪಾಡನ್ನೂ ಬಲ್ಲೆವು. ಎಲೆ ಹೊಲಿಯುವ ನೂಲು ಎಲ್ಲಿಯದು? ದೊಡ್ಡ ಇರುವೆಗೆ ನೂಲು ಬರುವುದಿಲ್ಲ. ಅದು ತನ್ನ ಮರಿಹುಳುವನ್ನು ಬಾಯಲ್ಲಿ ಹಿಡಿದು, ಈ ಎಲೆಗೂ ಆ ಎಲೆಗೂ ತಾಗಿಸುತ್ತ, ಮರಿ ಬಿಡುವ ರೇಷ್ಮೆಯಿಂದ ಹೊಲಿಯುತ್ತದೆ. ಒಮ್ಮೆ ಇದನ್ನು ತೆಗೆದ ಚಿತ್ರವನ್ನು ದೊಡ್ಡದುಮಾಡಿ ನೋಡುತ್ತಿದ್ದೆ. ಸಾಲಿನಿಂದ ತುಸು ದೂರದಲ್ಲಿದ್ದ ಒಂದು ‘ಇರುವೆ’ಗೆ ಎಂಟು ಕಾಲುಗಳಿದ್ದವು! ಅದು ಇರುವೆಯ ವೇಷದ ಜೇಡ. ಮುಂದಿನ ಎರಡು ಕಾಲುಗಳನ್ನು ಮೇಲೆತ್ತಿ ಮೀಸೆಯಂತೆ ಆಡಿಸುತ್ತ ನಡೆಯುತ್ತದೆ. ಕಚ್ಚುವ ಇರುವೆಯ ತಂಟೆಗೆ ಹೋಗಲು ಅನೇಕ ಪ್ರಾಣಿಗಳು ಹೆದರುವುದರಿಂದ ಈ ವೇಷವೇ ಅದಕ್ಕೆ ರಕ್ಷೆ. ಮುಟ್ಟಹೋದರೆ ನೂಲು ಬಿಟ್ಟು ಕೆಳಗಿಳಿಯುತ್ತದೆ. ಅಲ್ಲಿಗೆ ಗುಟ್ಟು ರಟ್ಟು. ಐವತ್ತು ವರ್ಷ ಅದರ ಪಕ್ಕದಲ್ಲೇ ನಡೆದಾಡಿದವನಿಗೆ ಅದನ್ನು ತೋರಿಸಿಕೊಟ್ಟದ್ದು ಒಂದು ಚಿತ್ರ.

ಪ್ರವಾಸ ಹೊರಟಾಗಲೂ ಹಾಗೆಯೇ. ಚಾರ್ಮಾಡಿ ಘಾಟಿ ಇಳಿಯುವವರೆಲ್ಲ ಕೊಟ್ಟಿಗೆಹಾರದಲ್ಲಿ ಕಾಫಿ ಕುಡಿದು ಮುಂದೆ ಹೋಗುತ್ತಾರೆ. ಆ ಊರಿನ ಹೆಸರನ್ನೇ ಹೊತ್ತ ಕಪ್ಪೆಯೊಂದಿದೆಯೆಂದು ಎಷ್ಟು ಜನಕ್ಕೆ ಗೊತ್ತು? ಸಿ. ಆರ್. ನಾರಾಯಣ ರಾವ್ ಅವರು 1937ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಒಂದು ಅಂಗುಲದಷ್ಟಿರುವ ಈ ಕಪ್ಪೆಯ ವಾಸ ಕಾಡಿನ ಝರಿಗಳ ಕಲ್ಲುಗಳ ಮೇಲೆ. ನೀರಿನ ಮೊರೆತದಲ್ಲಿ ಕೂಗೊಂದೇ ಸಾಲದೆಂದು ಗಂಡು ತನ್ನ ಹಿಂಗಾಲನ್ನು ಚಾಚಿ ಬಾವುಟದಂತೆ ಬೀಸುತ್ತದೆ. ಆದುದರಿಂದ ಇವಕ್ಕೆ ಕುಣಿಯುವ ಕಪ್ಪೆಗಳೆಂದು ಹೆಸರು. ಈ ಕುಲದ 14 ಹೊಸ ಜಾತಿಗಳನ್ನು ಎಸ್. ಡಿ. ಬಿಜು ಮತ್ತು ಸಂಗಡಿಗರು ಪಶ್ಚಿಮ ಘಟ್ಟದಿಂದ ವರದಿಮಾಡಿದ್ದು 2014ರಷ್ಟು ಈಚೆಗೆ. ಅಂದಮೇಲೆ ನಮ್ಮ ಹಳ್ಳಗಳಲ್ಲಿ ನೋಡುವುದು ಮುಗಿಯಿತೆಂದು ಹೇಳುವಂತಿಲ್ಲ.

ಚಿತ್ರ ತೆಗೆಯುವವರಿಗೆ ಕೆಲವು ಸೂಚನೆಗಳು:

1. ಬೆಳಗಿನ ಎಳೆಬಿಸಿಲು ಉತ್ತಮ. ಆಗ ಕೀಟಗಳ ಚುರುಕೂ ಕಡಿಮೆ. ಫ್ಲಾಶ್ ಬೇಡ.

2. ಮೊಣಕೈಯನ್ನು ಮರಕ್ಕೋ ಮೊಣಕಾಲಿಗೋ ಊರಿ ಹಿಡಿದರೆ ಚಿತ್ರ ಅಲುಗುವುದಿಲ್ಲ.

3. ಮೂರು ಚಿತ್ರ ತೆಗೆಯಿರಿ: ಇಡೀ ಗಿಡ, ಜೀವಿ ಕುಳಿತ ಭಾಗ, ಆಮೇಲೆ ಜೀವಿಯೊಂದೇ. ಸಾಧ್ಯವಾದರೆ ಅಳತೆಗೆ ಪಕ್ಕದಲ್ಲಿ ಒಂದು ನಾಣ್ಯವಿಡಿ.

4. ತಾರೀಖು, ಬ್ಲಾಕು, ಗಿಡದ ಹೆಸರು, ಅಂದಿನ ಹವೆ ಇಷ್ಟನ್ನು ಮಳೆ ಬರೆಯುವ ಪುಸ್ತಕದಲ್ಲೇ ಒಂದು ಸಾಲು ಬರೆದಿಡಿ.

5. ಚಿತ್ರಕ್ಕಾಗಿ ಗೂಡು ಬಿಚ್ಚುವುದು, ಹಳ್ಳದ ಕಲ್ಲು ಮಗುಚುವುದು ಕೂಡದು.

ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಲೇ ಹಕ್ಕಿಗಳ ಚಿತ್ರ ತೆಗೆದು, ಅವುಗಳ ಬಗ್ಗೆ ಬರೆದ ಪೂರ್ಣಚಂದ್ರ ತೇಜಸ್ವಿಯವರು (1938–2007) ನಮ್ಮ ನಡುವೆಯೇ ಇದ್ದವರು. ಅಷ್ಟು ತಾಳ್ಮೆ ಎಲ್ಲರಿಗೂ ಬಾರದು. ಆದರೆ ದಿನಕ್ಕೆ ಐದು ನಿಮಿಷ ನಿಂತು ನೋಡುವುದು ಯಾರಿಗೂ ಕಷ್ಟವಲ್ಲ. ಗುರುತು ಸಿಗದ ಹುಳು-ಹುಪ್ಪಟೆಯ ಚಿತ್ರವಿದ್ದರೆ ಮುಂದಿನ ಸಭೆಗೆ ಬರುವಾಗ ತನ್ನಿರಿ. ಹತ್ತು ಜನ ಕೂಡಿ ನೋಡೋಣ. ನನಗೆ ತಡವಾಗಿ ತಿಳಿದದ್ದು ನಿಮಗೆ ಹೊತ್ತಿಗೆ ಸರಿಯಾಗಿ ತಿಳಿಯಲಿ.

— ಕಾರ್ಯದರ್ಶಿ