ಹೊಲಿಗೆ ಗಾಯಕ್ಕೆ ಬೇಳೆ ವೈರಿಯಲ್ಲ

ಆದೋನಿ, ಆಲೂರು, ಹೊಳಗುಂದ ಸೀಮೆಯಲ್ಲಿ ಆಪರೇಷನ್ ಮುಗಿಸಿ ಮನೆಗೆ ಬಂದವರಿಗೆ ಮೊದಲು ಬಂದ್ ಆಗುವುದು ಬೇಳೆ. 'ಪಪ್ಪು ತಿಂಟೆ ಚೀಮು ಪಡ್ತುಂದಿ' ಎಂದು ತೆಲುಗಿನವರು, 'ಬ್ಯಾಳಿ ತಿಂದ್ರ ಕೀವಾಗ್ತದ' ಎಂದು ನಮ್ಮವರು. ಭಾಷೆ ಎರಡು, ನಂಬಿಕೆ ಒಂದೇ.

ಕೀವಿಗೆ ಕಾರಣ ಬೇಳೆಯಲ್ಲ, ರೋಗಾಣು. ಡಾಕ್ಟರು ಊಟಕ್ಕೆ ಒಪ್ಪಿದ ಮೇಲೆ ಬೇಳೆ, ಮೊಟ್ಟೆ, ಮೊಸರು ತಿನ್ನಿ. ಗಾಯ ಕೂಡಲು ಪ್ರೋಟೀನ್ ಬೇಕೇ ಬೇಕು.

ಸೋಪಿನಿಂದ ಕೈ ತೊಳೆಯದೆ ಹೊಲಿಗೆ ಮುಟ್ಟಬೇಡಿ. ಮೊದಲ 48 ತಾಸು ಪಟ್ಟಿ ತೋಯಬಾರದು. ಅರಿಶಿಣ, ಬೂದಿ, ಎಣ್ಣೆ ಹಚ್ಚಬೇಡಿ. ಸಕ್ಕರೆ ಕಾಯಿಲೆಯವರು ಗುಳಿಗೆ ತಪ್ಪಿಸಬಾರದು. ಹೊಟ್ಟೆ ಆಪರೇಷನ್ ಆದವರು ಡಾಕ್ಟರು ಹೇಳುವತನಕ ಹತ್ತಿ ಚೀಲ ಹೊರಬಾರದು.

ಗಾಯ ಕೆಂಪಾಗಿ ಊದಿದರೆ, ಕೀವು ಬಂದರೆ, ಬಾಯಿ ಬಿಟ್ಟರೆ, ಜ್ವರ ಬಂದರೆ ಹೊಲಿಗೆ ಬಿಚ್ಚುವ ತಾರೀಖಿನವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ನಡೆಯಿರಿ.