ಕಳಸಗಿತ್ತಿಯ ಮೊಗ್ಗಿನ ಜಡೆ

ಬೆಳಗಿನ ಆರೂವರೆ. ಕಲ್ಯಾಣ ಮಂಟಪದ ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ಒಗ್ಗರಣೆ ಬಿದ್ದಿದೆ. ಓಲಗದವರು ಇನ್ನೂ ಕಾಫಿ ಕುಡಿಯುತ್ತಿದ್ದಾರೆ. ಹೆಣ್ಣಿನ ಕಡೆಯವರ ಕೋಣೆಯ ಒಂದು ಮೂಲೆಯಲ್ಲಿ ಏಳೆಂಟು ವರ್ಷದ ಹುಡುಗಿ ಮಣೆಯ ಮೇಲೆ ಕುಳಿತಿದ್ದಾಳೆ. ಅವಳ ಬೆನ್ನ ಹಿಂದೆ ಅಜ್ಜಿ, ಕೈಯಲ್ಲಿ ಸೂಜಿ ದಾರ, ಪಕ್ಕದಲ್ಲಿ ಬಾಳೆಲೆಯ ತುಂಬ ಮಲ್ಲಿಗೆ ಮೊಗ್ಗು. ‘ಅಜ್ಜೀ, ಇನ್ನೂ ಎಷ್ಟು ಹೊತ್ತು?’ ಎಂದು ಹುಡುಗಿ ಮೂರನೆಯ ಸಲ ಕೇಳುತ್ತಾಳೆ. ‘ಆಯ್ತು ಪುಟ್ಟಿ, ಅಲ್ಲಾಡಬೇಡ’ ಎಂದು ಅಜ್ಜಿಯೂ ಮೂರನೆಯ ಸಲ ಹೇಳುತ್ತಾರೆ.

ಹಳೆಯ ಮೈಸೂರು ಸೀಮೆಯ ಮದುವೆ ಮನೆಗಳನ್ನು ಕಂಡವರಿಗೆ ಇದು ಹೊಸ ನೋಟವೇನಲ್ಲ. ಅಲಂಕಾರವೆಂದರೆ ಎಲ್ಲರ ಕಣ್ಣೂ ಮದುಮಗಳ ಮೇಲೆ. ಆದರೆ ಮಂಟಪಕ್ಕೆ ಅವಳ ಜೊತೆಯಲ್ಲೇ ಬಂದು ನಿಲ್ಲುವ ಇನ್ನೊಬ್ಬಳಿದ್ದಾಳೆ. ಅವಳೇ ಕಳಸಗಿತ್ತಿ. ನೀರು ತುಂಬಿದ ಚೊಂಬು, ಅದರ ಬಾಯಿಗೆ ವೀಳ್ಯದೆಲೆ, ಮೇಲೊಂದು ತೆಂಗಿನಕಾಯಿ ಇಟ್ಟ ಕಳಸವನ್ನು ಹಿಡಿದು ನಿಲ್ಲುವುದು ಅವಳ ಕೆಲಸ. ಕಳಸಗಿತ್ತಿ ಯಾರಾಗಬೇಕೆಂಬುದು ಜಾತಿಯಿಂದ ಜಾತಿಗೆ, ಊರಿಂದ ಊರಿಗೆ ಬದಲಾಗುತ್ತದೆ. ಸಾಮಾನ್ಯವಾಗಿ ತಂಗಿಯೋ ಅಕ್ಕನೋ ಸೋದರ ಸಂಬಂಧದ ಹುಡುಗಿಯೋ ಆಗಿರುತ್ತಾಳೆ. ಆ ಪಾಲು ಚಿಕ್ಕ ಹುಡುಗಿಗೆ ಬಂದರೆ ಮನೆಯಲ್ಲಿ ಮೊದಲು ಏಳುವ ಮಾತು ಒಂದೇ: ‘ಮಗೂಗೆ ಮೊಗ್ಗಿನ ಜಡೆ ಹಾಕಿಸಬೇಕು.’

ಎರಡು ಕೈಯಲ್ಲೂ ಕಳಸ

ಮೊಗ್ಗಿನ ಜಡೆ ಚೆಂದ ಕಾಣಬೇಕೆಂಬುದು ಎಲ್ಲರಿಗೂ ಗೊತ್ತು. ಮಗುವಿನ ವಿಷಯದಲ್ಲಿ ಅದಕ್ಕಿಂತ ಮುಂಚೆ ನೋಡಬೇಕಾದ್ದು ಬೇರೊಂದಿದೆ. ಕಳಸಗಿತ್ತಿಯ ಎರಡು ಕೈಯೂ ಕಳಸದ ಮೇಲಿರುತ್ತವೆ. ಪಿನ್ನು ಚುಚ್ಚಿದರೆ ಅವಳು ತಲೆಗೆ ಕೈ ಹಾಕುವಂತಿಲ್ಲ. ಜಡೆ ಜಗ್ಗಿದರೆ ಸರಿಪಡಿಸಿಕೊಳ್ಳುವಂತಿಲ್ಲ. ಇರುವೆ ಕಚ್ಚಿದರೂ ಕೆರೆದುಕೊಳ್ಳುವಂತಿಲ್ಲ. ಮುಹೂರ್ತದ ಹೊತ್ತಿಗೆ ಕಳಸ ಹಿಡಿದ ಮಗು ಅತ್ತರೆ ದೊಡ್ಡವರು ‘ಹೊಗೆಗೆ ಕಣ್ಣುರಿ’ ಎನ್ನುತ್ತಾರೆ. ಬಹಳ ಸಲ ಅದು ಹೊಗೆಯಲ್ಲ, ಕಿವಿಯ ಹಿಂದೆ ಒತ್ತುತ್ತಿರುವ ಹೇರ್‌ಪಿನ್ನು.

ಆದ್ದರಿಂದ ಮಗುವಿನ ಮೊಗ್ಗಿನ ಜಡೆಗೆ ಲೆಕ್ಕ ಮೂರೇ. ಹಗುರವಾಗಿರಬೇಕು, ಚುಚ್ಚಬಾರದು, ಮುಹೂರ್ತ ಮುಗಿಯುವವರೆಗೂ ಯಾರೂ ಮುಟ್ಟದೆ ನಿಲ್ಲಬೇಕು. ಹಿಂದಿನ ಹೆಂಗಸರು ಇದನ್ನು ಯಾವ ಪುಸ್ತಕದಿಂದಲೂ ಕಲಿತವರಲ್ಲ. ತಾವು ಮಣೆಯ ಮೇಲೆ ಕುಳಿತು ನೋವು ತಿಂದದ್ದನ್ನು ನೆನಪಿಟ್ಟುಕೊಂಡು ಕಲಿತವರು.

ಮೊಗ್ಗು ಆಯುವ ಬಗೆ

ಮಲ್ಲಿಗೆಯ ಮೊಗ್ಗನ್ನು ಬಿಡಿಸುವುದು ನಸುಕಿನಲ್ಲಿ, ಬಿಸಿಲೇರುವುದಕ್ಕೆ ಮೊದಲು. ಹೀಗೆ ಬಿಡಿಸಿದ್ದು ಅದೇ ಸಂಜೆ ಅರಳುತ್ತದೆ. ಎಂದರೆ ಹಿಂದಿನ ದಿನದ ಮೊಗ್ಗು ಮದುವೆಯ ಬೆಳಿಗ್ಗೆಗೆ ಮೊಗ್ಗಾಗಿ ಉಳಿದಿರುವುದಿಲ್ಲ. ಮಾರುಕಟ್ಟೆ ಹತ್ತಿರವಿದ್ದು ಮುಹೂರ್ತ ಹತ್ತು ಗಂಟೆಯ ಮೇಲಿದ್ದರೆ ಬೆಳಗಿನ ಮೊಗ್ಗನ್ನೇ ತರಿಸಬಹುದು. ಮುಹೂರ್ತ ಬೇಗ ಇದ್ದರೆ ಹಿಂದಿನ ದಿನವೇ ತಂದು, ಮಧ್ಯಾಹ್ನದೊಳಗೆ ಪೋಣಿಸಿ, ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಬಾಳೆಲೆ ಹೊದಿಸಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಬೇಕು. ತಂಪು ಅರಳುವುದನ್ನು ತಡಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಬಟ್ಟೆಯಿಂದ ನೀರು ತೊಟ್ಟಿಕ್ಕುವಂತಿದ್ದರೆ ಮೊಗ್ಗಿನ ಮೇಲೆ ಕಂದು ಕಲೆ ಬೀಳುತ್ತದೆ.

ಹೂವಾಡಗಿತ್ತಿಯ ಬಳಿ ಕಟ್ಟಿದ ಹೂವು ಮೊಳದ ಲೆಕ್ಕದಲ್ಲಿ ಸಿಗುತ್ತದೆ. ಉಡುಪಿಯ ಶಂಕರಪುರದ ಮಲ್ಲಿಗೆಗೆ ಅಳತೆಯೇ ಬೇರೆ. ಅಲ್ಲಿ ಚೆಂಡು, ಅಟ್ಟೆ. ಒಂದು ಚೆಂಡಿಗೆ ಸುಮಾರು 800 ಹೂವು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಆದರೆ ಜಡೆಗೆ ಬೇಕಾದದ್ದು ಕಟ್ಟಿದ ಹೂವಲ್ಲ, ತೂಕಕ್ಕೆ ಸಿಗುವ ಬಿಡಿ ಮೊಗ್ಗು. ಒಂದು ಅಡಿ ಉದ್ದದ ಮಗುವಿನ ಜಡೆಗೆ 300ರಿಂದ 400 ಮೊಗ್ಗು ಸಾಕು. ದುಂಡು ಮಲ್ಲಿಗೆಯಾದರೆ ನೂರು ಮೊಗ್ಗು ಹೆಚ್ಚುಕಡಿಮೆ 20ರಿಂದ 25 ಗ್ರಾಂ ತೂಗುತ್ತದೆ. ಆಯ್ದು ಬಿಸಾಡುವುದೂ ಸೇರಿ 150 ಗ್ರಾಂ ತಂದರೆ ಕೊರತೆ ಬೀಳದು.

ಆಯುವಾಗ ಅವಸರ ಬೇಡ. ಬೆಳ್ಳಗೆ ತುಂಬಿಕೊಂಡು ಬಾಯಿ ಬಿಡದ ಮೊಗ್ಗು ಉತ್ತಮ. ಹಸಿರು ಮಾಸದ ಎಳೆಯ ಮೊಗ್ಗು ಅರಳುವುದೇ ಇಲ್ಲ. ನೇರಳೆ ಬಣ್ಣಕ್ಕೆ ತಿರುಗಿದ್ದನ್ನು ಕಂಡ ಕೂಡಲೇ ತೆಗೆದುಹಾಕಬೇಕು, ಅದರೊಳಗೆ ಹುಳು ಇರುವುದು ಹೆಚ್ಚು. ಬಿಳಿಯ ಬಟ್ಟೆಯ ಮೇಲೆ ಹರಡಿ ಐದು ನಿಮಿಷ ಬಿಟ್ಟರೆ ಇರುವೆಗಳೂ ಹೊರಬರುತ್ತವೆ.

ಮೊಗ್ಗಿನ ಸುಗ್ಗಿ ಬೇಸಿಗೆಯಲ್ಲಿ. ಚಳಿಗಾಲದ ಮದುವೆಗೆ ಮಲ್ಲಿಗೆ ದುಬಾರಿ, ಸಿಗುವುದೂ ಕಷ್ಟ. ಆಗ ಕಾಕಡವಾಗಲಿ ಸುಗಂಧರಾಜದ ಮೊಗ್ಗಾಗಲಿ ಕೈ ಹಿಡಿಯುತ್ತದೆ. ಕಾಕಡಕ್ಕೆ ಪರಿಮಳ ಕಡಿಮೆ, ಬಾಳಿಕೆ ಹೆಚ್ಚು. ಸುಗಂಧರಾಜ ಪೋಣಿಸಲು ಸುಲಭ, ಆದರೆ ಮೊಗ್ಗು ದಪ್ಪ, ತೂಕವೂ ಜಾಸ್ತಿ. ಮಗುವಿಗಾದರೆ ಅದನ್ನು ಒಂದೇ ಸಾಲಿಗೆ ನಿಲ್ಲಿಸುವುದು ಒಳ್ಳೆಯದು.

ಪಟ್ಟಿಯ ಮೇಲೆ ಸಾಲು

ಹಿಂದೆ ಮೊಗ್ಗನ್ನು ಹೆಣೆದ ಜಡೆಗೇ ನೇರವಾಗಿ ಹೊಲಿಯುವ ರೂಢಿಯಿತ್ತು. ಕೆಲಸ ಮುಗಿಯುವ ತನಕ ಹುಡುಗಿ ಕದಲುವಂತಿರಲಿಲ್ಲ. ಮಕ್ಕಳಿಗೆ ಅದಕ್ಕಿಂತ ಪಟ್ಟಿಯ ಮೇಲೆ ಮೊದಲೇ ಹೊಲಿದಿಟ್ಟುಕೊಂಡು ಕೊನೆಯಲ್ಲಿ ಕಟ್ಟುವುದೇ ಮೇಲು. ಪಟ್ಟಿಗೆ ಬಾಳೆಪಟ್ಟೆ ಬಳಸುವವರಿದ್ದಾರೆ. ಅದು ಮೊಗ್ಗನ್ನು ತಂಪಾಗಿಡುತ್ತದೆ ನಿಜ, ಆದರೆ ಹಸಿಯದಾದ್ದರಿಂದ ಭಾರ, ರೇಷ್ಮೆ ಲಂಗಕ್ಕೆ ಅದರ ನೀರು ತಾಗಿದರೆ ಕಲೆ ಹೋಗುವುದಿಲ್ಲ. ಮಗುವಿಗೆ ತೆಳು ರಟ್ಟು ಸಾಕು. ಹಂಚಿ ಮಿಕ್ಕ ಲಗ್ನಪತ್ರಿಕೆಯ ದಪ್ಪ ಕಾಗದವಾದರೂ ಆದೀತು. ಅದನ್ನು ಒಂದೂವರೆ ಅಂಗುಲ ಅಗಲಕ್ಕೆ, ತುದಿಯಲ್ಲಿ ಸ್ವಲ್ಪ ಕಿರಿದಾಗುವಂತೆ ಕತ್ತರಿಸಿ, ಹಸಿರು ಹತ್ತಿ ಬಟ್ಟೆಯ ತುಂಡಿನಿಂದ ಹೊದಿಸಿ ಹೊಲಿಯಬೇಕು. ನಡುನಡುವೆ ಎರಡು ಕಡೆ ಮಡಿಕೆ ಹಾಕಿದರೆ ಮಗು ಬಗ್ಗಿದಾಗ ಪಟ್ಟಿಯೂ ಬಗ್ಗುತ್ತದೆ.

ಉದ್ದವನ್ನು ಮೊದಲೇ ಅಳೆಯಬೇಕು, ಅದೂ ಮಗುವನ್ನು ಕೂರಿಸಿ. ಕುಳಿತಾಗ ಜಡೆಯ ತುದಿ ಮಣೆಗೆ ತಾಗಬಾರದು. ನಿಂತಾಗ ನೋಡಿ ಅಳೆದ ಜಡೆ, ಕುಳಿತಾಗ ಕತ್ತನ್ನು ಹಿಂದಕ್ಕೆ ಎಳೆಯುತ್ತದೆ.

ಇನ್ನು ಪೋಣಿಸುವುದು. ಸೂಜಿಯನ್ನು ಮೊಗ್ಗಿನ ಹೊಟ್ಟೆಗಲ್ಲ, ಅದರ ಕೆಳಗಿನ ತೊಟ್ಟಿಗೆ ಚುಚ್ಚಬೇಕು. ಹೊಟ್ಟೆಗೆ ಚುಚ್ಚಿದ ಮೊಗ್ಗು ಒಂದೇ ಗಂಟೆಯಲ್ಲಿ ಕಂದಾಗುತ್ತದೆ. ಒಂದು ಸರದಲ್ಲಿ ಎಲ್ಲ ಮೊಗ್ಗಿನ ತಲೆಯೂ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. ಎರಡನ್ನೂ ಪಟ್ಟಿಯ ಮೇಲೆ ತೊಟ್ಟಿಗೆ ತೊಟ್ಟು ತಾಗುವಂತೆ ಇಟ್ಟು ಹೊಲಿದರೆ ಮೊಗ್ಗುಗಳು ಪಟ್ಟಿಯ ಎರಡಂಚಿಗೂ ಮುಖ ಮಾಡಿ ನಿಲ್ಲುತ್ತವೆ. ನಡುವೆ ಕಾಣುವ ಹಸಿರು ತೊಟ್ಟಿನ ಸಾಲನ್ನು ಕನಕಾಂಬರದ ಸರ ಮುಚ್ಚುತ್ತದೆ. ಬಿಳಿಯ ನಡುವೆ ಹೊಳೆಯುವ ಆ ಕೆಂಗೇಸರಿ ಗೆರೆ ಬರಿಯ ಅಂದಕ್ಕಲ್ಲ, ಹೊಲಿಗೆಯನ್ನು ಮರೆಸುವ ಉಪಾಯ. ಕನಕಾಂಬರಕ್ಕೆ ತೂಕವೇ ಇಲ್ಲವೆನ್ನುವಷ್ಟು ಕಡಿಮೆ. ಅಂಚಿಗೆ ಮರುಗವೋ ದವನವೋ ಒಂದೊಂದು ಕುಡಿ ಸೇರಿಸಿದರೆ ಮೊಗ್ಗು ಅರಳುವ ಮುಂಚೆಯೂ ಘಮ ಬರುತ್ತದೆ. ಪಳಗಿದ ಕೈಗೂ ಇಷ್ಟು ಕೆಲಸಕ್ಕೆ ಎರಡು ಗಂಟೆ ಬೇಕು. ಹೊಸಬರು ನಾಲ್ಕು ಗಂಟೆ ಇಟ್ಟುಕೊಳ್ಳುವುದು ಕ್ಷೇಮ.

ಜಡೆಗೆ ಕಟ್ಟುವಾಗ

ಎಣ್ಣೆ ನೀರು ಹಾಕಿದ ತಲೆ ಪೂರ್ತಿ ಒಣಗಿರಬೇಕು. ಒದ್ದೆ ಕೂದಲಿಗೆ ಕಟ್ಟಿದ ಜಡೆ ಕೂದಲು ಒಣಗಿದ ಮೇಲೆ ಸಡಿಲವಾಗಿ ಜಾರುತ್ತದೆ. ಹೆಣೆದ ಜಡೆಯ ಮೇಲೆ ಪಟ್ಟಿಯನ್ನಿಟ್ಟು ಮೇಲೆ, ನಡುವೆ ಎರಡು ಕಡೆ, ತುದಿಯಲ್ಲಿ ಹೀಗೆ ನಾಲ್ಕು ಕಡೆ ದಾರದಿಂದ ಕಟ್ಟಬೇಕು. ಮೇಲೊಂದೇ ಕಡೆ ಕಟ್ಟಿದರೆ ಪೂರ್ತಿ ಭಾರ ನೆತ್ತಿಯ ನಾಲ್ಕು ಕೂದಲಿನ ಮೇಲೆ. ನಾಲ್ಕು ಕಡೆ ಕಟ್ಟಿದರೆ ಭಾರ ಹಂಚಿಹೋಗುತ್ತದೆ. ಗುಂಡುಸೂಜಿ ಕೂಡದು. ಕೆಲಸಕ್ಕೆ ತೆಗೆದ ಸೂಜಿಗಳನ್ನು ಮೊದಲೇ ಎಣಿಸಿಟ್ಟು, ಮುಗಿದ ಮೇಲೆ ಮತ್ತೆ ಎಣಿಸಿ ಎತ್ತಿಡುವುದು ಹಳೆಯ ಹೆಂಗಸರ ನಿಯಮ. ಜಡೆಯಲ್ಲಿ ಮರೆತ ಸೂಜಿಯ ಕತೆ ಹೇಳದ ಮನೆಯಿಲ್ಲ.

ಜಡೆಬಿಲ್ಲೆ, ರಾಗಟೆ, ಕುಚ್ಚು ಇವೆಲ್ಲ ಮದುಮಗಳಿಗಿರಲಿ. ಮಗುವಿಗೆ ತುದಿಯಲ್ಲೊಂದು ರೇಷ್ಮೆ ಕುಚ್ಚು ಸಾಕು. ಮುಹೂರ್ತಕ್ಕೆ ಒಂದು ಗಂಟೆ ಮುಂಚೆ, ತಿಂಡಿ ತಿನ್ನಿಸಿ, ಬಚ್ಚಲಿಗೆ ಕರೆದುಕೊಂಡು ಹೋಗಿ ಬಂದ ಮೇಲೆಯೇ ಕಟ್ಟಬೇಕು. ಕಟ್ಟಿದ ನಂತರ ಮಗುವಿಗೆ ‘ತಲೆ ಅಲ್ಲಾಡಿಸು’ ಎಂದು ಹೇಳಿ ನೋಡಬೇಕು. ಅವಳು ಮುಖ ಕಿವುಚಿದರೆ ಬಿಚ್ಚಿ ಮತ್ತೆ ಕಟ್ಟುವುದೇ ಸರಿ.

ಕೂದಲು ಗಿಡ್ಡವಿದ್ದರೆ

ಈಗ ಬಹಳ ಮಕ್ಕಳದು ಭುಜದ ಮೇಲಿನ ಕೂದಲು. ಚೌರಿ ಕಟ್ಟಿ ಉದ್ದ ಮಾಡಬಹುದು, ಆದರೆ ಚೌರಿಯ ಭಾರದ ಜೊತೆಗೆ ಮೊಗ್ಗಿನ ಭಾರವೂ ಸೇರಿ ಏಳರ ಹುಡುಗಿಯ ಕತ್ತಿಗೆ ಅದು ಶಿಕ್ಷೆ. ಅಂಥವರಿಗೆ ಹೂವಿನ ದಂಡೆ ಚೆನ್ನು. ತಲೆಯ ಸುತ್ತಳತೆಗೆ ಅರ್ಧ ಅಂಗುಲ ಅಗಲದ ಬಟ್ಟೆಯ ಪಟ್ಟಿ ಹೊಲಿದು, ಅದರ ಮೇಲೆ ಬಾಳೆನಾರಿನಲ್ಲಿ ಕಟ್ಟಿದ ಮೊಗ್ಗು ಕೂರಿಸಿ, ಹಿಂದೆ ಲಾಡಿ ಕಟ್ಟುವುದು. ಅದೇ ಹೂವಿನಿಂದ ಎರಡು ಕೈಗೂ ಬಳೆಯಂತೆ ಒಂದೊಂದು ಸುತ್ತು ಮಾಡಬಹುದು. ಕಳಸ ಹಿಡಿದಾಗ ಕಣ್ಣಿಗೆ ಮೊದಲು ಬೀಳುವುದು ಕೈಯೇ.

ಕರಾವಳಿಯ ಕ್ರೈಸ್ತರ ಮದುವೆಗಳಲ್ಲಿ ಮದುಮಗಳ ಮುಂದೆ ಹೂಬುಟ್ಟಿ ಹಿಡಿದು ನಡೆಯುವ ಪುಟ್ಟ ‘ಫ್ಲವರ್ ಗರ್ಲ್’ಗೂ ಈ ದಂಡೆ ಒಪ್ಪುತ್ತದೆ. ಆ ಭಾಗದಲ್ಲಿ ಕನಕಾಂಬರಕ್ಕೆ ಅಬ್ಬಲಿಗೆ ಎನ್ನುತ್ತಾರೆ. ಮಲ್ಲಿಗೆಯ ಜೊತೆಗೆ ಅಬ್ಬಲಿಗೆ ಸೇರಿಸಿದ ದಂಡೆ ಬಿಳಿಯ ಗೌನಿನ ಮೇಲೂ ಸೊಗಸು. ತಂತಿಯ ಬಳೆಗೆ ಹೂ ಸುತ್ತುವವರು ತಂತಿಯ ತುದಿಯನ್ನು ಒಳಕ್ಕೆ ಮಡಿಸಿ ಬಟ್ಟೆ ಸುತ್ತಲು ಮರೆಯಬಾರದು. ಆ ಮಗುವಿನ ಕೈಗಳೂ ಬುಟ್ಟಿಯ ಮೇಲೆಯೇ ಇರುತ್ತವೆ.

ಪೆಟ್ಟಿಗೆಯಲ್ಲಿ ಬರುವ ಜಡೆ

ಈಗ ಮೊಗ್ಗಿನ ಜಡೆ ಸಿದ್ಧವಾಗಿಯೇ ಸಿಗುತ್ತದೆ. ಹಿಂದಿನ ದಿನ ಹೇಳಿದರೆ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತದೆ. ಬಟ್ಟೆಯಲ್ಲಿ, ಮಣಿಯಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಮಾಡಿದವೂ ಇವೆ. ಇದರಲ್ಲಿ ತಪ್ಪೇನಿಲ್ಲ. ಬಾಸಿಂಗಕ್ಕೆ ಬೆಂಡಿನ ಹೂ ಮಾಡಿದ ನಾಡಿಗೆ ಕೃತಕ ಹೂವು ಹೊಸದೂ ಅಲ್ಲ. ಹೂ ಕಟ್ಟಿ ಬದುಕುವ ಎಷ್ಟೋ ಹೆಂಗಸರಿಗೆ ಈ ಸಿದ್ಧ ಜಡೆಗಳೇ ಅನ್ನ. ಆದರೆ ಅಂಗಡಿಯ ಜಡೆಗೆ ಅಳತೆ ಸಾಮಾನ್ಯವಾಗಿ ಒಂದೇ, ದೊಡ್ಡವರದು. ಅದನ್ನು ತರಿಸುವವರು ಮಗುವಿನ ವಯಸ್ಸನ್ನೂ ಕುಳಿತಾಗಿನ ಅಳತೆಯನ್ನೂ ಹೇಳಿ, ಒಂದೇ ಪದರಕ್ಕೆ ಮಾಡಿಕೊಡಿ ಎಂದು ಕೇಳಿಕೊಂಡರೆ ಕಟ್ಟುವವರಿಗೂ ಅನುಕೂಲ.

ಕಳೆದುಹೋಗುತ್ತಿರುವುದು ಹೂವಲ್ಲ, ಮಣೆಯ ಮೇಲಿನ ಆ ಎರಡು ಗಂಟೆ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ತೊಟ್ಟಿಗೆ ಸೂಜಿ ಚುಚ್ಚುವ ಬೆರಳಿಗೆ ಅಂಥ ಮಾನ್ಯತೆ ಯಾರೂ ಕೊಡುವುದಿಲ್ಲ. ಅದು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಜ್ಜಿಗೆ ಕಣ್ಣು ಮಂಜಾದ ಮನೆಯಲ್ಲಿ, ‘ನನಗೆ ಬರೋದಿಲ್ಲಮ್ಮ’ ಎಂದು ಸೊಸೆ ಹೇಳಿದ ದಿನವೇ ಅದು ನಿಂತುಹೋಗುತ್ತದೆ.

ಅದನ್ನು ಉಳಿಸಲು ದೊಡ್ಡ ಪ್ರಯತ್ನವೇನೂ ಬೇಕಿಲ್ಲ. ಹಿಂದಿನ ದಿನ ಮೊಗ್ಗು ಆಯುವಾಗ ಕಳಸಗಿತ್ತಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಮೊಂಡು ಸೂಜಿ ಕೊಟ್ಟು ಹತ್ತು ಮೊಗ್ಗು ಪೋಣಿಸಲು ಹೇಳಬಹುದು. ನಾಲ್ಕು ಹಾಳಾಗುತ್ತವೆ, ಆರು ಉಳಿಯುತ್ತವೆ. ಆ ಆರನ್ನು ಜಡೆಯ ತುದಿಗೆ ಹೊಲಿದರೆ ಮರುದಿನ ಮಗು ಹೆಚ್ಚು ಹೊತ್ತು ಅಲ್ಲಾಡದೆ ಕೂರುತ್ತದೆ. ಅದು ಈಗ ಅವಳ ಜಡೆ.

ಒಂದು ಕಾಲದಲ್ಲಿ ಬೇಸಿಗೆ ರಜೆ ಬಂತೆಂದರೆ ಹುಡುಗಿಯರಿಗೆ ಮೊಗ್ಗಿನ ಜಡೆ ಹಾಕಿ ಸ್ಟುಡಿಯೋಗೆ ಕರೆದೊಯ್ಯುತ್ತಿದ್ದರು. ಫೋಟೋದವನು ಹಿಂದೊಂದು ಕನ್ನಡಿ ನಿಲ್ಲಿಸಿ, ಮುಖವೂ ಜಡೆಯೂ ಒಟ್ಟಿಗೆ ಬರುವಂತೆ ತೆಗೆಯುತ್ತಿದ್ದ. ಎಷ್ಟೋ ಮನೆಗಳ ಗೋಡೆಯ ಮೇಲೆ ಆ ಚಿತ್ರಗಳು ಇಂದಿಗೂ ಇವೆ. ಈಗ ಮೊಬೈಲಿನಲ್ಲಿ ಎಷ್ಟು ಬೇಕಾದರೂ ತೆಗೆಯಬಹುದು. ಆದರೆ ಯಾವ ಚಿತ್ರಕ್ಕೂ ಸಿಗದ ಒಂದು ಗಳಿಗೆಯಿದೆ. ಮದುವೆ ಮುಗಿದು, ಚಪ್ಪರದ ದೀಪಗಳು ಹೊತ್ತಿಕೊಳ್ಳುವ ಹೊತ್ತಿಗೆ ಕಳಸಗಿತ್ತಿ ಯಾರದೋ ಮಡಿಲಲ್ಲಿ ನಿದ್ದೆ ಹೋಗಿರುತ್ತಾಳೆ. ಬೆಳಿಗ್ಗೆ ಕಟ್ಟಿದ ಮೊಗ್ಗುಗಳು ಆಗ ಅವಳ ಬೆನ್ನ ಮೇಲೆ ಒಂದೊಂದಾಗಿ ಅರಳಲು ತೊಡಗುತ್ತವೆ. ಅಜ್ಜಿ ಮೆಲ್ಲಗೆ ದಾರ ಬಿಚ್ಚುತ್ತಾ, ನೋವಾಗದಂತೆ ಜಡೆ ತೆಗೆಯುತ್ತಾರೆ.