ಮೂರು ಕುಂಡ, ಹನ್ನೆರಡು ಗಂಟೆ ಕತ್ತಲು

ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರು ನೋಡಿರುತ್ತೀರಿ. ಸುತ್ತ ಗವ್ವೆನ್ನುವ ಕತ್ತಲಿದ್ದರೂ ಕೆಲವು ಹೊಲಗಳಲ್ಲಿ ಮಾತ್ರ ಸಾಲುಸಾಲು ಬಲ್ಬು. ಜಾತ್ರೆಯಲ್ಲ, ಸೇವಂತಿಗೆ ತೋಟ. ರಾತ್ರಿ ಉದ್ದವಾಯಿತೆಂದರೆ ಸೇವಂತಿಗೆ ಮೊಗ್ಗು ಕಟ್ಟುತ್ತದೆ. ಗಿಡ ಇನ್ನಷ್ಟು ಬೆಳೆಯಲಿ ಎಂದು ರೈತ ದೀಪ ಹಾಕಿ ಅದರ ನಿದ್ದೆ ಕೆಡಿಸುತ್ತಾನೆ. ಬರ್ಲಿನ್‌ನಲ್ಲಿರುವ ನನ್ನ ಗೆಳೆಯ ಮಲಗುವ ಕೋಣೆಯ ಮೂಲೆಯಲ್ಲಿ ಮಾಡುವುದೂ ಇದೇ ಲೆಕ್ಕಾಚಾರವನ್ನು. ಬೆಳೆ ಮಾತ್ರ ಗಾಂಜಾ.

ಗಾಬರಿ ಬೇಡ, ಅಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆಯಿದೆ. 2024ರ ಏಪ್ರಿಲ್ 1ರಿಂದ ಜರ್ಮನಿಯಲ್ಲಿ ವಯಸ್ಕರು ತಲಾ ಮೂರು ಗಿಡ ಬೆಳೆಸಬಹುದು. ಮಕ್ಕಳ ಕೈಗೆ ಸಿಗಬಾರದು, ನೆರೆಮನೆಗೆ ವಾಸನೆಯ ಕಾಟ ಕೊಡಬಾರದು, ಮಾರುವುದಿರಲಿ, ಪುಕ್ಕಟೆ ಹಂಚುವಂತೆಯೂ ಇಲ್ಲ. ನಮ್ಮಲ್ಲಾದರೆ 1985ರ ಎನ್‌ಡಿಪಿಎಸ್ ಎಂಬ ಮಾದಕವಸ್ತು ಕಾಯ್ದೆಯಡಿ ಗಿಡ ಬೆಳೆಸಿದ್ದಕ್ಕೇ ಹತ್ತು ವರ್ಷದವರೆಗೆ ಕಠಿಣ ಸಜೆ ಆಗಬಹುದು. 2024ರ ನವೆಂಬರಿನಲ್ಲಿ ಬೆಂಗಳೂರಿನ ದಂಪತಿ ತಮ್ಮ ಬಾಲ್ಕನಿ ತೋಟದ ವಿಡಿಯೊವನ್ನು ಫೇಸ್‌ಬುಕ್‌ಗೆ ಹಾಕಿ, ಹೂಗಿಡಗಳ ನಡುವಿದ್ದ ಗಾಂಜಾ ಗಿಡದಿಂದಾಗಿ ಪೊಲೀಸರ ಕೈಗೆ ಸಿಕ್ಕಿದ್ದರು.

ಗೆಳೆಯನ ಬೀಜ ನೆದರ್ಲೆಂಡ್ಸ್‌ನಿಂದ ಅಂಚೆಯಲ್ಲಿ ಬಂತು. ಕಾಳುಮೆಣಸಿಗಿಂತ ಸಣ್ಣದು, ಕಂದು ಮೈಮೇಲೆ ಹುಲಿಪಟ್ಟೆ. ನಾವು ಹೆಸರುಕಾಳು ಕಟ್ಟಿಡುವ ಹಾಗೆ ಒದ್ದೆ ಬಟ್ಟೆಯಲ್ಲಿ ಇಟ್ಟ; ಮೂರನೇ ದಿನ ಬಿಳಿ ಬೇರು ಇಣುಕಿತು. ಬೀಜದೆಲೆಯ ಮೇಲೆ ಬಂದ ಮೊದಲ ಎಲೆಗೆ ಒಂದೇ ಬೆರಳು, ಆಮೇಲಿನದಕ್ಕೆ ಮೂರು, ಮತ್ತೆ ಐದು.

ಮಣ್ಣಿನ ವಿಷಯಕ್ಕೆ ಬಂದರೆ ಅವನ ಮಾತು ನಿಲ್ಲುವುದಿಲ್ಲ. ಕಾಂಪೋಸ್ಟ್, ಎರೆಗೊಬ್ಬರ, ಮಣ್ಣು ಹಗುರಾಗಿಸುವ ಪರ್ಲೈಟ್, ತೆಂಗಿನ ನಾರಿನ ಪುಡಿ. ಇಟ್ಟಿಗೆಯಂತೆ ಒತ್ತಿದ ಆ ಪುಡಿ ಭಾರತದ್ದೇ. ನೀರು ಹಾಕಿದಾಗ ಬಕೆಟ್ ತುಂಬ ಉಬ್ಬಿ, ತಿಪಟೂರಿನ ನಾರಿನ ಕಾರ್ಖಾನೆಯ ವಾಸನೆ ಹೊಡೆಯಿತಂತೆ. ಎಲ್ಲವನ್ನೂ ಕಲೆಸಿ, ಹಸಿ ಆರದಂತೆ ಮೂರು ವಾರ ಹಾಗೇ ಬಿಟ್ಟ. ಬಾಟಲಿಯ ರಾಸಾಯನಿಕ ಗೊಬ್ಬರವೆಂದರೆ ನೇರ ತುತ್ತು. ಸಾವಯವ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಅಡುಗೆ ಮಾಡಿದ ಮೇಲಷ್ಟೇ ಬೇರಿಗೆ ಊಟ. ಅವಸರದವರಿಗೆ ಇದು ಹೇಳಿಸಿದ್ದಲ್ಲ. ಇವನೂ ಅಕ್ಕರೆ ಹೆಚ್ಚಾಗಿ ದಿನಾ ನೀರು ಸುರಿದ. ಕುಂಡದ ಸುತ್ತ ಕರಿ ನೊರಜು ಎದ್ದವು, ಎಲೆ ಜೋತುಬಿದ್ದವು. ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ನೀರು ಎಂಬ ಅಜ್ಜಿಯ ಪಾಠ ಆಗ ನೆನಪಾಯಿತಂತೆ.

‘ಸಾವಯವ’ ಎಂಬ ಹಣೆಪಟ್ಟಿ ಕಂಡ ತಕ್ಷಣ ನಾನಂತೂ ಕೈಮುಗಿಯುವುದಿಲ್ಲ. ಈ ಗಿಡಕ್ಕೆ ಮಣ್ಣಿನ ಸೀಸ, ಕ್ಯಾಡ್ಮಿಯಂಗಳನ್ನೂ ಹೀರಿಕೊಳ್ಳುವ ಚಟ. ಮಣ್ಣಿನ ವಿಷ ತೆಗೆಯಲೆಂದೇ 1990ರ ದಶಕದಲ್ಲಿ ಚೆರ್ನೋಬಿಲ್ ಬಳಿ ಇದರ ನಾರಿನ ತಳಿಯನ್ನು ಬಿತ್ತಿ ನೋಡಿದ್ದರು. ಕಾಂಪೋಸ್ಟ್ ಎಲ್ಲಿಯದು ಎಂದು ಕೇಳದೆ ತಂದರೆ ಅಲ್ಲಿಯ ಕೊಳಕೂ ಎಲೆಗೆ ಬರುತ್ತದೆ.

ಇನ್ನು ಬೆಳಕು. ಬೆಳೆಯುವಷ್ಟು ದಿನ ಹದಿನೆಂಟು ಗಂಟೆ ದೀಪ. ಹೂ ಬೇಕೆಂದಾಗ ಹನ್ನೆರಡಕ್ಕೆ ಇಳಿಸಬೇಕು. ಇದರ ಗುಟ್ಟು ಮೊದಲು ಹೊಳೆದದ್ದೂ ಇದೇ ಗಿಡದ ಮುಂದೆ. 1912ರ ಸುಮಾರಿಗೆ ಫ್ರಾನ್ಸಿನ ಜೂಲಿಯನ್ ಟೂರ್ನ್ವಾ ಚಳಿಗಾಲದಲ್ಲಿ ಗಾಜಿನ ಮನೆಯಲ್ಲಿ ಬೆಳೆಸಿದ ಗಿಡಗಳು ಎಳೆಯದರಲ್ಲೇ ಹೂ ಬಿಟ್ಟವು. ಗಿಡ ಲೆಕ್ಕ ಇಡುವುದು ರಾತ್ರಿಯ ಉದ್ದವನ್ನು ಎಂದು ಆತ ಊಹಿಸಿದ. ಮುಂದೆ ಶೋಧಿಸುವಷ್ಟರಲ್ಲಿ ಮೊದಲ ಮಹಾಯುದ್ಧ ಅವನನ್ನು ನುಂಗಿತು. 1920ರಲ್ಲಿ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಅಮೆರಿಕನ್ನರು ಹೊಗೆಸೊಪ್ಪು, ಸೋಯಾಬೀನ್‌ಗಳಲ್ಲಿ ಹೂ ಬಿಡುವ ಕಾಲವನ್ನು ಹಗಲಿನ ಉದ್ದ ನಿರ್ಧರಿಸುತ್ತದೆಂದು ಸಾಧಿಸಿ ತೋರಿಸಿದರು.

ಗೆಳೆಯ ಗಿಡ ಬೆಳೆಸುವ ಕಪ್ಪು ಗುಡಾರದೊಳಗೆ ಪ್ಲಗ್ಗಿನ ಒಂದು ಹಸಿರು ಚುಕ್ಕಿದೀಪವಿತ್ತು. ಕತ್ತಲು ಕೆಡಬಾರದೆಂದು ಅದರ ಮೇಲೂ ಟೇಪು ಅಂಟಿಸಿದ್ದಾನೆ. ಸಂಜೆ ಎಂಟಕ್ಕೆ ಜಿಪ್ ಎಳೆದರೆ ಬೆಳಿಗ್ಗೆ ಎಂಟರವರೆಗೆ ತೆರೆಯುವಂತಿಲ್ಲ.

ಪಪಾಯಿಯ ಹಾಗೆ ಗಾಂಜಾದಲ್ಲೂ ಗಂಡು ಗಿಡ, ಹೆಣ್ಣು ಗಿಡ ಬೇರೆಬೇರೆ. ಮೂರರಲ್ಲಿ ಒಂದು ಗಂಡಾಯಿತು. ಪರಾಗ ಉದುರಿ ಹೆಣ್ಣು ಹೂಗಳೆಲ್ಲ ಬೀಜ ಕಟ್ಟುವ ಮೊದಲೇ ಕಿತ್ತ. ಉಳಿದೆರಡರ ಹೂವನ್ನು ಒಣಗಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ 64 ಗ್ರಾಂ. ಮನೆಯಲ್ಲಿ ಇಟ್ಟುಕೊಳ್ಳಬಹುದಾದದ್ದು 50. ಪಕ್ಕದ ಮನೆಯವರಿಗೆ ಕೊಡುವಂತಿಲ್ಲ. ಹೆಚ್ಚಾದ 14 ಗ್ರಾಮನ್ನು ಪುಡಿಮಾಡಿ, ತರಕಾರಿ ಸಿಪ್ಪೆಯ ಜೊತೆ ಎರೆಹುಳುವಿನ ಡಬ್ಬಿಗೆ ಹಾಕಿ ಮುಚ್ಚಿದ.